ಬೆಂಗಳೂರಿಗಿಂತ ಮೊದಲು ಟೀವಿ ನೋಡಿದ ನಮ್ಮಜ್ಜನ ಊರು

ಎರಡು ತಿಂಗಳಿಂದ ಇಲ್ಲಿ ಒಂದಕ್ಷರ ಬರೆದಿರಲಿಲ್ಲ. ಆಫೀಸಿನಲ್ಲಿ ಒಂದು ರಿಲೀಸ್ ಮುಗಿಯುವ ಹೊತ್ತಿಗೆ ಇನ್ನೊಂದು ತಲೆಮೇಲೆ ಕೂತಿರುತ್ತದೆ. ಆದರೆ ಈ ಬರಹವನ್ನು ತಡಮಾಡಿದ್ದಕ್ಕೆ ಕೆಲಸವೊಂದೇ ಕಾರಣ ಅಂದರೆ ಸುಳ್ಳು ಹೇಳಿದಂತೆ. ಇದು ನಾನು ನಮ್ಮಜ್ಜನ ಹತ್ತಿರ ಕೇಳಬೇಕಾಗಿದ್ದ ಕ್ಷಮೆ. ಬರೆಯಲು ಸ್ವಲ್ಪ ಮುಜುಗರವಿತ್ತು, ಅದಕ್ಕೇ ಮುಂದೂಡುತ್ತಾ ಬಂದೆ.

ನಮ್ಮಜ್ಜ ಅಂದರೆ ಅಮ್ಮನ ಅಪ್ಪ. ಆಗಿನ ಗುಲ್ಬರ್ಗಾ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಅಕ್ಷರ ಕಲಿತು, ಆಮೇಲೆ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ ತಲೆಮಾರು ಅದು. ಪೇಪರಿನಲ್ಲಿ ಬಂದ ಸುದ್ದಿಯನ್ನೂ ಎರಡು ಸಲ ಓದಿ ಖಾತ್ರಿಯಾದ ಮೇಲೇ ಇನ್ನೊಬ್ಬರಿಗೆ ಹೇಳುವ ಮನುಷ್ಯ.

2016ರ ಬೇಸಿಗೆ ರಜೆ. ನಾನು ಇಂಜಿನಿಯರಿಂಗ್ ಎರಡನೇ ವರ್ಷ ಮುಗಿಸಿ ಊರಿಗೆ ಹೋಗಿದ್ದೆ. ಎಲೆಕ್ಟ್ರಾನಿಕ್ಸ್ ಬೇರೆ, ಜಗತ್ತಿನಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಅನ್ನುವ ವಯಸ್ಸು. ರಾತ್ರಿ ಅಂಗಳದಲ್ಲಿ ಹೊರಸಿನ ಮೇಲೆ ಮಲಗಿ ಮಾತಾಡುವಾಗ ಟೀವಿ ವಿಷಯ ಬಂತು. ಅಜ್ಜ ಅಂದರು:

"ಬೆಂಗಳೂರಾಗ ಟೀವಿ ಅನ್ನೋದು ಇರ್ಲಿಲ್ಲ ನೋಡು, ಅವಾಗ ನಮ್ಮ ಸಾಲ್ಯಾಗ ಟೀವಿ ಇತ್ತು. ಎಪ್ಪತ್ತೈದನೇ ಇಸವಿ. ಸೀದಾ ಆಕಾಶದಿಂದ ಬರ್ತಿತ್ತು."

ನಾನು ನಕ್ಕೆ. "ಅಜ್ಜಾ, ಬೆಂಗಳೂರಿಗೆ ಟೀವಿ ಬಂದಿದ್ದೇ 1981ರಾಗ. ನಿಮ್ಮ ಹಳ್ಳಿಗೆ 75ರಾಗ ಹೆಂಗ ಬರ್ತದ? ಅದೂ ಸೀದಾ ಸ್ಯಾಟಲೈಟ್‌ನಿಂದ?"

"ಛತ್ರಿ ಹಾಕಿದ್ರಲ್ಲೋ ತಮ್ಮಾ. ಕೋಳಿ ಜಾಳಗಿ ಛತ್ರಿ."

ಕೋಳಿ ಜಾಳಗಿ! ಕೋಳಿಗೂಡಿಗೆ ಹಾಕುತ್ತಾರಲ್ಲ, ಆ ತಂತಿ ಬಲೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಂಟೆನಾ ಅಂದರೇನು, ಡಿಶ್ ಹೇಗೆ ಕೆಲಸ ಮಾಡುತ್ತದೆ ಅಂತ ಹತ್ತು ನಿಮಿಷ ಪಾಠ ಮಾಡಿದೆ. "ರೇಡಿಯೋ ನೆನಪು, ಟೀವಿ ನೆನಪು ಎರಡೂ ಕೂಡಿ ಹೋಗ್ಯಾವ ನಿಮಗ" ಅಂತ ತೀರ್ಪನ್ನೂ ಕೊಟ್ಟೆ.

ಅಜ್ಜ ವಾದ ಮಾಡಲಿಲ್ಲ. "ಇರ್ಬೇಕು ಬಿಡಪಾ, ನೀ ಓದಿದಾಂವ" ಅಂದು, ಎದ್ದು ಒಳಗೆ ಹೋದರು. ಆಯಿ ಮಾತ್ರ ಕತ್ತಲಲ್ಲಿ, "ಹಂಗ ಅನಬಾರದಿತ್ತು ನೀ" ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ.

2019ರಲ್ಲಿ ಅಜ್ಜ ತೀರಿಕೊಂಡರು.

*

ನಾನು ಈಗ ಕೆಲಸ ಮಾಡುವುದು ವೀಡಿಯೋ ಸ್ಟ್ರೀಮಿಂಗ್ ಕ್ಷೇತ್ರದಲ್ಲಿ. ನಿಮ್ಮ ಮೊಬೈಲಿನಲ್ಲಿ ಮ್ಯಾಚ್ ನೋಡುವಾಗ ಚಕ್ರ ತಿರುಗುತ್ತಾ ನಿಲ್ಲುತ್ತದಲ್ಲ, ಅದು ತಿರುಗದ ಹಾಗೆ ನೋಡಿಕೊಳ್ಳುವುದು ನನ್ನಂಥವರ ಕೆಲಸ. (ಹೌದು, ತಿರುಗಿದಾಗ ಬೈಸಿಕೊಳ್ಳುವವರೂ ನಾವೇ :) ) ಎರಡು ವರ್ಷದ ಹಿಂದೆ ಆಫೀಸಿನಲ್ಲಿ ಒಬ್ಬ ಹಿರಿಯರು ದೂರದ ಊರುಗಳಿಗೆ ವೀಡಿಯೋ ತಲುಪಿಸುವ ಬಗ್ಗೆ ಮಾತಾಡುತ್ತಾ ಒಂದು ಹಳೆಯ ಕಪ್ಪು ಬಿಳುಪು ಫೋಟೋ ತೋರಿಸಿದರು. ಒಂದು ಹಳ್ಳಿ, ಸುತ್ತ ಜನ, ನಡುವೆ ಆಳೆತ್ತರಕ್ಕಿಂತ ದೊಡ್ಡ ಬಟ್ಟಲಿನಂಥ ಆಂಟೆನಾ. ಬಟ್ಟಲಿನ ತುಂಬ ತಂತಿ ಬಲೆ.

"ಇದು ಚಿಕನ್ ಮೆಶ್ ಆಂಟೆನಾ, 1975" ಅಂದರು ಅವರು.

ನನಗೆ ಮುಂದಿನ ಮಾತು ಒಂದೂ ಕೇಳಿಸಲಿಲ್ಲ. ಆವತ್ತು ಮಧ್ಯಾಹ್ನ ಊಟಕ್ಕೂ ಹೋಗದೆ ಓದುತ್ತಾ ಕೂತೆ. ಆಮೇಲೆ ಎಷ್ಟೋ ರಾತ್ರಿ ಓದಿದೆ. ಓದಿದ್ದನ್ನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಕಡೆಯವರಿಗೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ನಮ್ಮ ದೇಶದಲ್ಲಿ ಟೀವಿ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದಿಲ್ಲಿಯಲ್ಲಿ, ಪ್ರಯೋಗದ ಲೆಕ್ಕದಲ್ಲಿ. ಪ್ರತಿದಿನದ ಪ್ರಸಾರ ಶುರುವಾಗಲು 1965 ಆಯಿತು. ಎರಡನೇ ಊರಾದ ಮುಂಬಯಿಗೆ ಅದು ತಲುಪಿದ್ದು 1972ರಲ್ಲಿ. ದಿಲ್ಲಿಯಿಂದ ಮುಂಬಯಿಗೆ ಬರಲು ಹದಿಮೂರು ವರ್ಷ! ಈ ವೇಗದಲ್ಲಿ ಟವರ್ ಮೇಲೆ ಟವರ್ ಹಾಕುತ್ತಾ ಹೋದರೆ ಹಳ್ಳಿ ತಲುಪುವುದು ಯಾವಾಗ?

ಈ ಪ್ರಶ್ನೆಯನ್ನು ಗಂಭೀರವಾಗಿ ತಗೊಂಡವರು ವಿಕ್ರಮ್ ಸಾರಾಭಾಯಿ. ನಗರಗಳಿಗೆ ಮೊದಲು ಕೊಟ್ಟು, ಉಳಿದರೆ ಹಳ್ಳಿಗೆ ಅನ್ನುವ ಕ್ರಮವನ್ನೇ ತಿರುಗಿಸಿ ಹಾಕೋಣ, ಉಪಗ್ರಹದಿಂದ ನೇರವಾಗಿ ಹಿಂದುಳಿದ ಹಳ್ಳಿಗೇ ಕಳಿಸೋಣ ಅನ್ನುವುದು ಅವರ ವಾದ. 1969ರಲ್ಲಿ ನಮ್ಮ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾಕ್ಕೂ ಒಪ್ಪಂದವಾಯಿತು. ಉಪಗ್ರಹ ಅವರದು, ನೆಲದ ಮೇಲಿನ ಕೆಲಸವೆಲ್ಲ ನಮ್ಮದು. ಸಾರಾಭಾಯಿ 1971ರ ಕೊನೆಯಲ್ಲಿ ತೀರಿಹೋದರು, ಇದನ್ನು ನೋಡಲಿಲ್ಲ.

ಆ ಉಪಗ್ರಹದ ಹೆಸರು ಎಟಿಎಸ್-6. 1974ರ ಮೇ 30ರಂದು ಮೇಲೆ ಹೋಯಿತು. ಮೊದಲು ಅಮೆರಿಕದ ಕಡೆ ಇದ್ದದ್ದನ್ನು 1975ರಲ್ಲಿ ಸರಿಸುತ್ತಾ ತಂದು ಪೂರ್ವ ಆಫ್ರಿಕಾದ ಮೇಲೆ, ನಮಗೆ ಕಾಣುವ ಹಾಗೆ ನಿಲ್ಲಿಸಿದರು. 1975ರ ಆಗಸ್ಟ್ 1ರಂದು ಪ್ರಸಾರ ಶುರು. ಆರು ರಾಜ್ಯಗಳು, ಸುಮಾರು 2400 ಹಳ್ಳಿಗಳು. ಕರ್ನಾಟಕ, ಆಂಧ್ರ, ಒರಿಸ್ಸಾ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ. ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆಗಳು ಯಾವವು ಗೊತ್ತೇ? ಬೆಂಗಳೂರಲ್ಲ, ಮೈಸೂರಲ್ಲ. ಗುಲ್ಬರ್ಗಾ, ರಾಯಚೂರು, ಬಿಜಾಪುರ.

ಯಾವ ಪಟ್ಟಿಯಲ್ಲೂ ಕೊನೆಗೆ ಬರುವ ನಮ್ಮ ಜಿಲ್ಲೆಗಳು ಒಮ್ಮೆಯಾದರೂ ಮೊದಲು ಬಂದಿದ್ದವು. ಅದನ್ನು ನಮ್ಮಜ್ಜ ಹೆಮ್ಮೆಯಿಂದ ಹೇಳಿದಾಗ ನಾನು ನಕ್ಕಿದ್ದೆ.

*

ಈಗ ಕೋಳಿ ಜಾಳಗಿ ವಿಷಯ. ಇದು ಇಂಜಿನಿಯರ್ ಮಿತ್ರರಿಗಾಗಿ. ಬೇಡದವರು ಈ ಪ್ಯಾರಾ ಹಾರಿಸಿ :)

ಎಟಿಎಸ್-6 ನಮ್ಮ ಹಳ್ಳಿಗಳಿಗೆ ಕಳಿಸುತ್ತಿದ್ದ ಅಲೆಯ ಕಂಪನಾಂಕ 860 ಮೆಗಾಹರ್ಟ್ಸ್. ಅಂದರೆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅಲೆಯ ಉದ್ದಕ್ಕೆ ಹೋಲಿಸಿದರೆ ತೀರಾ ಸಣ್ಣದಾದ ತೂತು ಅಲೆಯ ಪಾಲಿಗೆ ತೂತೇ ಅಲ್ಲ, ಗೋಡೆ ಇದ್ದ ಹಾಗೆ. ಕೋಳಿ ಬಲೆಯ ತೂತು ಒಂದೆರಡು ಸೆಂಟಿಮೀಟರ್ ಅಷ್ಟೇ. ಹಾಗಾಗಿ ಸಿಗ್ನಲ್ಲು ಗಟ್ಟಿ ತಗಡಿಗೆ ಬಡಿದಂತೆ ಬಲೆಗೆ ಬಡಿದು ವಾಪಸ್ಸಾಗುತ್ತದೆ, ಗಾಳಿ ಮಾತ್ರ ತೂರಿ ಹೋಗುತ್ತದೆ. ಬಿರುಗಾಳಿಗೆ ಆಂಟೆನಾ ಕೀಳುವುದಿಲ್ಲ, ತೂಕ ಕಡಿಮೆ, ಎತ್ತಿನ ಗಾಡಿಯಲ್ಲೂ ಸಾಗಿಸಬಹುದು, ಖರ್ಚಂತೂ ತೀರಾ ಕಡಿಮೆ. ಮೂರು ಮೀಟರ್ ಅಗಲದ ಆ ಛತ್ರಿ ಬಡದೇಶವೊಂದರ ಜಾಣತನಕ್ಕೆ ಒಳ್ಳೇ ಉದಾಹರಣೆ. ಎರಡನೇ ವರ್ಷದ ವಿದ್ಯಾರ್ಥಿಗೆ ಇಷ್ಟು ಲೆಕ್ಕ ಬರಬೇಕಿತ್ತು. 300 ಭಾಗಿಸು 860. ನಾನು ಮಾಡಲಿಲ್ಲ. ಮಾಸ್ತರರು ಕಣ್ಣಾರೆ ಕಂಡದ್ದನ್ನು ಹೇಳಿದ್ದರು, ನಾನು ಪುಸ್ತಕದಲ್ಲಿ ಇಲ್ಲದ್ದನ್ನು ಸುಳ್ಳು ಅಂದಿದ್ದೆ.

ಪ್ರಸಾರ ದಿನಕ್ಕೆ ನಾಲ್ಕು ಗಂಟೆ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಉಪಗ್ರಹದಲ್ಲಿ ಚಿತ್ರಕ್ಕೆ ಒಂದೇ ಹಾದಿ, ಧ್ವನಿಗೆ ಎರಡು. ಹಾಗಾಗಿ ಕರ್ನಾಟಕದ ಹಳ್ಳಿಗೂ ಆಂಧ್ರದ ಹಳ್ಳಿಗೂ ಚಿತ್ರ ಒಂದೇ, ಮಾತು ಮಾತ್ರ ಇಲ್ಲಿ ಕನ್ನಡ, ಅಲ್ಲಿ ತೆಲುಗು. ಇವತ್ತು ನಾವು ಆಡಿಯೋ ಟ್ರ್ಯಾಕ್ ಬದಲಿಸುತ್ತೇವಲ್ಲ, ಅದೇ ಉಪಾಯ! ಈ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಸಂಜೆಯ ಹೊತ್ತನ್ನು ಎಲ್ಲಾ ಭಾಷೆಗಳೂ ಹಂಚಿಕೊಳ್ಳಬೇಕಿದ್ದರಿಂದ ಕನ್ನಡಕ್ಕೆ ಸಿಗುತ್ತಿದ್ದದ್ದು ಒಂದು ಪಾಲು ಅಷ್ಟೇ. ಜೊತೆಗೆ ಎಲ್ಲರಿಗೂ ಸೇರಿಸಿ ಅರ್ಧ ಗಂಟೆ ದಿಲ್ಲಿಯ ಹಿಂದಿ ಕಾರ್ಯಕ್ರಮ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ಕುಣಿತ. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿಯೂ ಇದರ ಮೂಲಕ ನಡೆಯಿತು, ಸುಮಾರು ಅರ್ಧ ಲಕ್ಷ ಶಿಕ್ಷಕರಿಗೆ.

ಇನ್ನೊಂದು ಮಾತನ್ನೂ ಹೇಳಬೇಕು. ಅದು ತುರ್ತು ಪರಿಸ್ಥಿತಿಯ ವರ್ಷ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು, ಆಗಸ್ಟ್‌ನಲ್ಲಿ ಈ ಪ್ರಸಾರ ಬಂತು. ಸರ್ಕಾರದ ಇಪ್ಪತ್ತು ಅಂಶಗಳ ಗುಣಗಾನವೂ ಅದೇ ಪರದೆಯಿಂದಲೇ ಹಳ್ಳಿಗೆ ಇಳಿಯಿತು. ಛತ್ರಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ, ಬಂದದ್ದನ್ನೆಲ್ಲ ಹಿಡಿಯುತ್ತದೆ.

*

ಇಷ್ಟೆಲ್ಲ ಓದಿದ ಮೇಲೆ ಆ ವರ್ಷದ ನಾಗರ ಪಂಚಮಿಗೆ ಊರಿಗೆ ಹೋದೆ. ಆಯಿಗೆ ಈಗ ಎಂಬತ್ತರ ಹತ್ತಿರ. ಕಿವಿ ಮಂದ, ನೆನಪು ಗಟ್ಟಿ. ಮೊಬೈಲಿನಲ್ಲಿ ಆ ಫೋಟೋ ದೊಡ್ಡದು ಮಾಡಿ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದಳು.

"ಇದಾ... ಇದೇ ಛತ್ರಿ. ನಮ್ಮೂರಿನದಲ್ಲ ಇದು. ನಮ್ಮದು ಸಾಲಿ ಹಿಂದ ಇತ್ತು, ಬೇವಿನ ಗಿಡದ ಮಗ್ಗಲ."

ಆಮೇಲೆ ಅವಳೇ ಹೇಳಿದಳು, ನಾನು ಕೇಳಿದೆ.

ಎಪ್ಪತ್ತೆರಡರ ಬರ ಇನ್ನೂ ಮೈಯಿಂದ ಇಳಿದಿರಲಿಲ್ಲವಂತೆ. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದ ಕೈಗಳು ಅವು. ಊರಿಗೆ ದಿನಕ್ಕೊಂದು ಬಸ್ಸು, ಅದೂ ಮಳೆ ಬಂದರೆ ಹಳ್ಳದ ಆಚೆಗೇ ನಿಲ್ಲುತ್ತಿತ್ತು. ಕರೆಂಟು ಶಾಲೆಗೆ ಮತ್ತು ನಾಲ್ಕು ದೊಡ್ಡ ಮನೆಗಳಿಗೆ. ಉಳಿದವರಿಗೆ ಕಂದೀಲು, ಚಿಮಣಿ. ಊರಿಗೆಲ್ಲ ಸೇರಿ ಎರಡೋ ಮೂರೋ ರೇಡಿಯೋ. ಅದಕ್ಕೂ ಪೋಸ್ಟಾಫೀಸಿನಲ್ಲಿ ವರ್ಷಕ್ಕೆ ಹದಿನೈದು ರೂಪಾಯಿ ಲೈಸೆನ್ಸು ಕಟ್ಟಬೇಕು. (ಈಗಿನವರಿಗೆ ಇದು ನಂಬಲಾರದ ಮಾತು. ರೇಡಿಯೋ, ಟೀವಿ ಲೈಸೆನ್ಸು ಪೂರ್ತಿ ರದ್ದಾದದ್ದು 1985ರಲ್ಲಿ.) ಇಂಥ ಊರಿಗೆ ಒಂದು ದಿನ ಜೀಪು ಬಂದು, ಪೆಟ್ಟಿಗೆ ಇಳಿಸಿ, ಛತ್ರಿ ಜೋಡಿಸಿ, ಅಜ್ಜನ ಕೈಗೆ ಕೀಲಿ ಕೊಟ್ಟು ಹೋದರಂತೆ. ಟೀವಿ ಹಚ್ಚುವುದು, ಆರಿಸುವುದು, ಕಾಯುವುದು ಎಲ್ಲ ಮಾಸ್ತರರ ಜವಾಬ್ದಾರಿ.

"ಸಂಜಿ ರೊಟ್ಟಿ ಲಗೂನ ಬಡಿತಿದ್ವಿ. ಎಲ್ಲಾ ಮನ್ಯಾಗ ರೊಟ್ಟಿ ಬಡಿಯೋ ಸಪ್ಪಳ ಒಮ್ಮೆಗೇ. ದನ ಕಟ್ಟಿ, ಕೂಸು ಬಗಲಾಗ ಇಟ್ಕೊಂಡು ಓಡೋದು. ನಿಮ್ಮವ್ವ ಮೂರು ವರ್ಷದಾಕಿ ಅವಾಗ, ತೊಡಿ ಮ್ಯಾಲ ಮಲಗಿ ಬಿಡ್ತಿದ್ಲು."

ಅಮ್ಮನಿಗೆ ಇದು ಯಾವುದೂ ನೆನಪಿಲ್ಲದಿರುವುದಕ್ಕೆ ಕಾರಣ ಸಿಕ್ಕಿತು.

"ತಿಳೀತಿತ್ತೇನು ಆಯಿ?"

"ಏನ್ ತಿಳೀತದ! ಅವರ ಕನ್ನಡ ಬ್ಯಾರೆ, ನಮ್ಮ ಕನ್ನಡ ಬ್ಯಾರೆ. ನಿಮ್ಮಜ್ಜ ಮಗ್ಗಲಿಗೆ ನಿಂತು ನಮ್ಮ ಮಾತಿನಾಗ ಹೇಳ್ತಿದ್ರು. ಮಂದಿ ಟೀವಿ ಅರ್ಧ, ನಿಮ್ಮಜ್ಜನ ಅರ್ಧ ನೋಡ್ತಿತ್ತು."

ಗಂಡಸರು ಮುಂದೆ, ಹೆಂಗಸರು ಹಿಂದೆ. ಕೇರಿಯವರು ಇನ್ನೂ ಹಿಂದೆ, ಬೇರೆಯಾಗಿ. ಟೀವಿ ಬಂತು ಅಂತ ಊರಿನ ಪದ್ಧತಿ ಬದಲಾಗಲಿಲ್ಲ. ಆದರೆ ಒಂದು ದಿನ ನಡುವೆ ಜೋರು ಮಳೆ ಬಂತಂತೆ. ಅಜ್ಜ ಟೀವಿಯನ್ನು ಶಾಲೆಯ ಒಳಕ್ಕೆ ತಿರುಗಿಸಿ, "ಎಲ್ಲಾರೂ ಒಳಗ ಬರ್ರಿ" ಅಂದರಂತೆ. ಎಲ್ಲರೂ ಅಂದರೆ ಎಲ್ಲರೂ. ಮರುದಿನ ಊರ ಹಿರಿಯರು ಮನೆಗೆ ಬಂದು ಕೇಳಿದ್ದಕ್ಕೆ, "ಟೀವಿ ಸರಕಾರದ್ದು, ಮಳಿ ದೇವರದು, ನಾ ಯಾರನ್ನ ಹೊರಗ ನಿಲ್ಲಿಸ್ಲಿ?" ಅಂದರಂತೆ ಅಜ್ಜ. ಆಮೇಲೆ ಕೆಲವರು ಬರುವುದನ್ನೇ ಬಿಟ್ಟರು. ಅಜ್ಜ ಟೀವಿ ಹಚ್ಚುವುದನ್ನು ಬಿಡಲಿಲ್ಲ.

*

1976ರ ಜುಲೈ 31. ಒಪ್ಪಂದ ಇದ್ದದ್ದು ಒಂದೇ ವರ್ಷಕ್ಕೆ. ಅದು ಮುಗಿಯಿತು, ಉಪಗ್ರಹವನ್ನು ವಾಪಸ್ ಅಮೆರಿಕದ ಕಡೆ ಸರಿಸಿಕೊಂಡರು.

ಇದನ್ನು ನಾನು ಓದುವಾಗ ಅದೊಂದು ತಾರೀಖು ಅಷ್ಟೇ. ಆಯಿ ಹೇಳಿದಾಗ ಬೇರೆಯೇ ಆಯಿತು. ಮಾರನೇ ದಿನ ಸಂಜೆಯೂ ಜನ ಬಂದು ಕೂತರಂತೆ. ಅಜ್ಜ ಟೀವಿ ಹಚ್ಚಿದರು. ಬರೀ ಚುಕ್ಕಿ, ಬರೀ ಸುಂಯ್ ಅನ್ನುವ ಶಬ್ದ. ಇನ್ನು ಬರುವುದಿಲ್ಲ ಅಂತ ಅಜ್ಜ ತಿಳಿಸಿ ಹೇಳಿದರು. ಆಕಾಶದಲ್ಲಿದ್ದದ್ದು ಹೊರಟು ಹೋಯಿತು ಅಂದರೆ ಯಾರು ನಂಬುತ್ತಾರೆ? ನಾಲ್ಕು ದಿನ ಬಂದು ಕೂತು ಎದ್ದು ಹೋದರಂತೆ.

ಮುಂದಿನ ವರ್ಷ, 1977ರಲ್ಲಿ, ಗುಲ್ಬರ್ಗಾದಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಶುರುವಾಯಿತು. ಪ್ರಯೋಗ ನಡೆದ ಕಡೆಗಳಲ್ಲಿ ಒಂದಿಷ್ಟು ಹಳ್ಳಿಗಳಿಗಾದರೂ ಟೀವಿ ಮುಂದುವರಿಯಲಿ ಅಂತ. ನಮ್ಮೂರು ಅದರ ಅಳತೆಯಿಂದ ಆಚೆ. ಜೀಪು ಮತ್ತೆ ಬಂತು, ಪೆಟ್ಟಿಗೆ ಎತ್ತಿಕೊಂಡು ಹೋಯಿತು.

"ಮಾಸ್ತರ ಟೀವಿ ಮಾರ್ಕೊಂಡಾನ ಅಂದ್ರು ಮಂದಿ" ಅಂದಳು ಆಯಿ. "ಭಾಳ ದಿನ ಅಂದ್ರು. ಮಳಿ ದಿನ ಸಿಟ್ಟಾಗಿದ್ರಲ್ಲ, ಅವರೇ ಮುಂದ. ನಿಮ್ಮಜ್ಜ ಯಾರಿಗೂ ತಿರುಗಿ ಅನಲಿಲ್ಲ. ಆದ್ರ ಅದರ ಬಗ್ಗೆ ಮಾತಾಡೋದು ಬಿಟ್ಟರು. ಎಷ್ಟೋ ವರ್ಷದ ಮ್ಯಾಲ ನಿನ್ನ ಮುಂದ ಬಾಯಿ ಬಿಟ್ಟಿದ್ರು ಅವತ್ತು."

ನಾನೂ ಸುಳ್ಳು ಅಂದಿದ್ದೆ.

*

ಆಮೇಲಿನ ಕತೆ ನಿಮಗೆಲ್ಲ ಗೊತ್ತಿರುವುದೇ. ಬೆಂಗಳೂರಿಗೆ ಟೀವಿ 1981ರ ನವೆಂಬರಿನಲ್ಲಿ ಬಂತು. 1982ರಲ್ಲಿ ಏಷ್ಯಾಡ್ ನೆಪದಲ್ಲಿ ಬಣ್ಣ ಬಂತು. 1983ರಲ್ಲಿ ಇನ್ಸಾಟ್-1ಬಿ ಮೇಲೆ ಹೋದ ಮೇಲೆ ಸಣ್ಣಸಣ್ಣ ಊರುಗಳಲ್ಲೂ ಟ್ರಾನ್ಸ್‌ಮಿಟರ್ ಎದ್ದವು. 1984ರಲ್ಲಿ 'ಹಮ್ ಲೋಗ್', 1986ರಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್', 1987ರ ಜನವರಿ 25ರಿಂದ 'ರಾಮಾಯಣ'.

ಅಮ್ಮನ ನೆನಪು ಶುರುವಾಗುವುದು ಇಲ್ಲಿಂದ. ರಾಮಾಯಣದ ವರ್ಷ ಅಜ್ಜ ಸಾಲ ಮಾಡಿ ಒಂದು ಕಪ್ಪು ಬಿಳುಪು ಟೀವಿ ತಂದರಂತೆ. ಶಟರ್ ಬಾಗಿಲಿನದು. ಮಾಳಿಗೆ ಮೇಲೆ ಉದ್ದ ಕಂಬಕ್ಕೆ ಆಂಟೆನಾ. ಒಬ್ಬರು ಮೇಲೆ ತಿರುಗಿಸುವುದು, ಇನ್ನೊಬ್ಬರು ಕೆಳಗಿನಿಂದ "ಬಂತು ಬಂತು... ಹೋಯ್ತು... ಹಾಂ ಅಲ್ಲೇ ಹಿಡಿ" ಅಂತ ಕೂಗುವುದು. ಇದನ್ನು ನಾನೂ ಸಣ್ಣವನಿದ್ದಾಗ ಮಾಡಿದ್ದೇನೆ, ನಮ್ಮ ತಲೆಮಾರಿನ ಕೊನೆಯ ಆಂಟೆನಾ ಸೇವೆ :)

ಅಮ್ಮ ದೂರುವುದು ಒಂದೇ ವಿಷಯಕ್ಕೆ. "ಟೀವಿ ನಮ್ಮದು, ನಮಗೇ ಕೂಡ್ಲಿಕ್ಕೆ ಜಾಗ ಇರ್ತಿರ್ಲಿಲ್ಲ. ಅಪ್ಪ ಪಡಸಾಲಿಯಾಗ ಬಾಗ್ಲಿಗೆ ಎದುರಾಗಿ ಇಟ್ಟಿದ್ರು. ಯಾರು ಬೇಕಾದ್ರೂ ಬರಬೇಕು ಅಂತ. ಊರಾಗ ಬ್ಯಾರೆಯವರು ಒಳಗ ಇಟ್ಟು ಬಾಗ್ಲಾ ಹಾಕ್ಕೊಂಡು ನೋಡ್ತಿದ್ರು."

ಅಜ್ಜ ಯಾಕೆ ಹಾಗೆ ಇಟ್ಟರು ಅಂತ ಅಮ್ಮನಿಗೆ ಗೊತ್ತಿರಲಿಲ್ಲ. ಈಗ ನಮ್ಮಿಬ್ಬರಿಗೂ ಗೊತ್ತು.

1990ರ ದಶಕದಲ್ಲಿ ಕೇಬಲ್ ಬಂತು, 1994ರಲ್ಲಿ ಉದಯ ಟೀವಿ ಬಂತು. 2004ರಲ್ಲಿ ದೂರದರ್ಶನದ್ದೇ ಡಿಟಿಎಚ್ ಶುರುವಾಯಿತು. ನೋಡಿ, ಮೂವತ್ತು ವರ್ಷ ಸುತ್ತಿ ಬಂದು ಮತ್ತೆ ಅದೇ ಜಾಗಕ್ಕೆ ನಿಂತೆವು. ಉಪಗ್ರಹದಿಂದ ಸೀದಾ ಮನೆಗೆ! ಮೂರು ಮೀಟರಿನ ಬಲೆ ಹೋಗಿ ಮೊರದಷ್ಟು ತಟ್ಟೆ ಬಂತು ಅಷ್ಟೇ. ನೆಲದ ಮೇಲಿನ ಹಳೆಯ ಟ್ರಾನ್ಸ್‌ಮಿಟರ್‌ಗಳಿಗೆ ಕೆಲಸ ಕಡಿಮೆಯಾಯಿತು. ಕೆಲವು ಆಯ್ದ ಜಾಗಗಳನ್ನು ಬಿಟ್ಟು ಉಳಿದೆಲ್ಲವನ್ನೂ 2022ರ ಮಾರ್ಚ್ ಹೊತ್ತಿಗೆ ಮುಚ್ಚುವುದಾಗಿ ಪ್ರಸಾರ ಭಾರತಿ 2021ರಲ್ಲಿ ಹೇಳಿತು. ಅಜ್ಜನ ಮಾಳಿಗೆಯ ಆಂಟೆನಾ ಇನ್ನೂ ಇದೆ. ಅದರ ಮೇಲೆ ಕಾಗೆ ಕೂರುತ್ತದೆ.

ಹೊರಡುವಾಗ ಆಯಿಯನ್ನು ಕೇಳಿದೆ, "ಟೀವಿ ಒಯ್ದರು, ಆ ಛತ್ರಿ ಏನಾಯ್ತು?"

"ಅದಾ? ಬೇವಿನ ಗಿಡದ ಬುಡಕ ಬಿದ್ದಿತ್ತು ಭಾಳ ದಿನ. ಹಪ್ಪಳ ಒಣಗಿಸ್ತಿದ್ವಿ. ಕಡೀಕ ಯಾರೋ ಬಿಚ್ಕೊಂಡು ಹೋಗಿ ಕೋಳಿಗೂಡಿಗೆ ಹಾಕ್ಕೊಂಡ್ರು" ಅಂದು ಬೊಚ್ಚು ಬಾಯಿ ತುಂಬ ನಕ್ಕಳು. ನಾನೂ ನಕ್ಕೆ. ಈ ಸಲ ಅಜ್ಜನನ್ನು ನೋಡಿ ನಕ್ಕದ್ದಲ್ಲ.

ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ವಿಜಯಪುರ, ಬಾಗಲಕೋಟೆ ಕಡೆಯ ಗೆಳೆಯರೇ, ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ ಇವತ್ತೇ ಒಂದು ಫೋನ್ ಮಾಡಿ. "ಸಾಲ್ಯಾಗ ಟೀವಿ ಇತ್ತೇನು? ಛತ್ರಿ ಇತ್ತೇನು?" ಅಂತ ಕೇಳಿ. ಇತ್ತು ಅಂದರೆ ದಯವಿಟ್ಟು ನಗಬೇಡಿ. ಪೂರ್ತಿ ಕೇಳಿಸಿಕೊಂಡು, ಬರೆದಿಡಿ. ಆ ಊರುಗಳ ಹೆಸರು ಒಂದೊಂದಾಗಿ ನಾವೇ ಕೂಡಿಸೋಣ.

ಏನಂತೀರಿ?